ಚಿಕಿತ್ಸಾವಿಧಿಗಳ ಪ್ರಮಾಣಬಲ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆಂದರೆ ವೈದ್ಯನ ಮಾತು ಆ ಮನೆಗೆಲ್ಲ ವೇದವಾಕ್ಯವಾಗುತ್ತದೆ. ಈ ಗುಳಿಗೆಯನ್ನು ಹೊತ್ತಿಗೆ ಒಂದರಂತೆ ಕೊಡತಕ್ಕದ್ದು, ಆ ಪದಾರ್ಥವನ್ನು ಮುಟ್ಟಕೂಡದು, ಇಷ್ಟು ದಿನ ಮೇಲಕ್ಕೇಳಕೂಡದು ಎಂದು ಆತನು ವಿಧಿಸಿದುದನ್ನು ಮನೆಯವರು ಚಾಚೂ ತಪ್ಪದೆ ನಡೆಸುತ್ತಾರೆ. ಹಾಗೆ ನಡೆಸುವುದು ಯುಕ್ತವೂ ಅಹುದು. ಆದರೆ ಆ ವಿಧಿ ಆತನಿಗೆ ಎಲ್ಲಿಂದ ಬಂದಿತು, ಅದು ನಿಜವೆಂದು ಆತನು ತಿಳಿದುದು ಹೇಗೆ ಎಂದು ಕೇಳುವವರು ವಿರಳ. ಹಿಂದಿನ ವೈದ್ಯನು ಅದನ್ನು ಗುರುವಿನಿಂದಲೂ ಗ್ರಂಥದಿಂದಲೂ ಕಲಿಯುತ್ತಿದ್ದನು. ಈಗ ಒಂದೊಂದು ರೋಗಕ್ಕೂ ಆಯಾ ಶಾಖೆಯ ಪಂಡಿತರ ಸಂಘಗಳು ಕೂಡಿ ನಿರ್ಣಯಿಸಿ ಪ್ರಕಟಿಸಿರುವ ಮಾರ್ಗಸೂಚಿಗಳುಂಟು. ವೈದ್ಯನು ಅವುಗಳನ್ನು ನೋಡಿ ನಡೆಯುತ್ತಾನೆ. ಆ ಸೂಚಿಯ ಒಂದೊಂದು ವಾಕ್ಯದ ಹಿಂದೆಯೂ ಸಾವಿರಾರು ರೋಗಿಗಳಲ್ಲಿ ನಡೆದ ಪರೀಕ್ಷೆಯಿದೆಯೋ, ಅಥವಾ ಒಂದು ಮೇಜಿನ ಸುತ್ತ ಕುಳಿತ ಹತ್ತು ಮಂದಿ ಹಿರಿಯರ ಒಮ್ಮತವಷ್ಟೇ ಇದೆಯೋ? ವೈದ್ಯಶಾಸ್ತ್ರವು ಈ ಪ್ರಶ್ನೆಯನ್ನು ತನಗೆ ತಾನೇ ಹಾಕಿಕೊಳ್ಳುವುದಕ್ಕೆ ಬಹುಕಾಲ ಹಿಡಿಯಿತು. ಆ ವಿಳಂಬಕ್ಕೆ ಬೆಲೆಯಾಗಿ ಎಷ್ಟೋ ಪ್ರಾಣಗಳು ಹೋದುವು.

ನಮ್ಮ ದೇಶದ ಪ್ರಾಚೀನ ವೈದ್ಯರು ಪ್ರಮಾಣವಿಚಾರವನ್ನು ಬಿಟ್ಟವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂದು ನಾಲ್ಕು ಬಗೆಯ ಪರೀಕ್ಷೆಗಳು ಹೇಳಲ್ಪಟ್ಟಿವೆ. ರಜಸ್ಸು ತಮಸ್ಸುಗಳಿಂದ ಬಿಡುಗಡೆ ಹೊಂದಿದವರೇ ಆಪ್ತರೆಂದೂ ಅಲ್ಲಿ ಲಕ್ಷಣವನ್ನು ಕೊಟ್ಟಿದೆ. ಯುರೋಪಿನಲ್ಲಿಯೂ ವೈದ್ಯರಿಗೆ ಆಪ್ತನಾದವನೊಬ್ಬನಿದ್ದನು. ಕ್ರಿಸ್ತಶಕದ ಎರಡನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ಪ್ರಸಿದ್ಧನಾದ ಗ್ಯಾಲೆನ್ ಎಂಬ ಗ್ರೀಕ್ ವೈದ್ಯನ ಮಾತು ಸಾವಿರ ವರ್ಷಗಳಿಗೂ ಮಿಕ್ಕಿ ಅಲ್ಲಿ ಪ್ರಮಾಣವಾಗಿ ನಡೆಯಿತು. ದೇಹದಲ್ಲಿ ರಕ್ತ, ಕಫ, ಪೀತಪಿತ್ತ, ಕೃಷ್ಣಪಿತ್ತಗಳೆಂಬ ನಾಲ್ಕು ರಸಗಳಿವೆ, ಅವುಗಳ ಏರುಪೇರೇ ರೋಗ ಎಂಬುದು ಆ ಸಂಪ್ರದಾಯದ ಸಿದ್ಧಾಂತ. ಹೆಚ್ಚಾದುದನ್ನು ಹೊರಕ್ಕೆ ತೆಗೆದರೆ ಸಮತೆ ಮರಳುವುದೆಂಬ ಯುಕ್ತಿಯಿಂದ ರಕ್ತವನ್ನು ಬಿಡಿಸುವ ಚಿಕಿತ್ಸೆಯು ಜ್ವರಕ್ಕೂ ನ್ಯುಮೋನಿಯಕ್ಕೂ ಗಂಟಲುಬೇನೆಗೂ ಸಾಮಾನ್ಯವಾಯಿತು. ೧೭೯೯ರ ಡಿಸೆಂಬರಿನಲ್ಲಿ ಅಮೆರಿಕದ ಮೊದಲನೆಯ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಗಂಟಲಿನ ರೋಗದಿಂದ ಮಡಿದಾಗ, ಅದೇ ದಿನದಲ್ಲಿ ಆತನ ಮೈಯಿಂದ ಹಲವು ಬಾರಿ ರಕ್ತವನ್ನು ತೆಗೆದಿದ್ದರು. ತೆಗೆದವರು ಅಜ್ಞರಲ್ಲ, ಆ ಕಾಲದ ಉತ್ತಮ ವಿಧಿಯನ್ನೇ ಅನುಸರಿಸಿದ್ದರು.

ಇಷ್ಟು ದೀರ್ಘಕಾಲ ಆ ವಿಧಿ ನಿಂತುದು ಹೇಗೆಂದರೆ, ರಕ್ತ ಬಿಡಿಸಿದ ಮೇಲೆ ಅನೇಕರು ಗುಣ ಹೊಂದುತ್ತಿದ್ದುದನ್ನು ವೈದ್ಯರು ಕಣ್ಣಾರೆ ಕಂಡಿದ್ದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸಮನಾದರೆ ಕಾಗೆಯೇ ಕೊಂಬೆಯನ್ನು ಮುರಿಯಿತೆಂದು ತೋರುವುದು ಸಹಜ. ತಾನಾಗಿಯೇ ಇಳಿಯತಕ್ಕ ಜ್ವರವೂ ಚಿಕಿತ್ಸೆಯ ಅನಂತರ ಇಳಿದರೆ ಕೀರ್ತಿ ಚಿಕಿತ್ಸೆಗೇ ಸಲ್ಲುತ್ತದೆ. ಇಳಿಯದೆ ರೋಗಿ ತೀರಿಕೊಂಡರೆ ರೋಗವೇ ಅಸಾಧ್ಯವಾಗಿತ್ತೆಂದು ಹೇಳುವುದುಂಟು. ಹೀಗೆ ಅನುಭವವು ಎಷ್ಟು ದೊಡ್ಡದಾದರೂ ತನ್ನ ತಪ್ಪನ್ನು ತಾನು ಕಾಣಲಾರದು.

ಈ ಕುರುಡನ್ನು ಕಳೆಯಲು ಎಣಿಕೆಯನ್ನು ತಂದವರಲ್ಲಿ ಪ್ಯಾರಿಸ್ ಪಟ್ಟಣದ ಪಿಯೆರ್ ಲೂಯಿ ಅಗ್ರಗಣ್ಯನು. ಆತನು ೧೮೩೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನ್ಯುಮೋನಿಯದ ೭೭ ಮಂದಿ ರೋಗಿಗಳ ಲೆಕ್ಕವಿದೆ. ರೋಗ ತಗುಲಿದ ಮೊದಲ ನಾಲ್ಕು ದಿನಗಳಲ್ಲಿ ರಕ್ತ ಬಿಡಿಸಿಕೊಂಡವರು ೪೧ ಮಂದಿ. ಅವರಲ್ಲಿ ೧೮ ಮಂದಿ ಸತ್ತರು. ಐದರಿಂದ ಒಂಬತ್ತನೆಯ ದಿನದೊಳಗೆ ಬಿಡಿಸಿಕೊಂಡವರು ೩೬ ಮಂದಿ. ಅವರಲ್ಲಿ ಸತ್ತವರು ೯. ಬೇಗನೆ ಚಿಕಿತ್ಸೆ ಪಡೆದವರೇ ಹೆಚ್ಚು ಬದುಕಬೇಕೆಂಬ ಶಾಸ್ತ್ರಕ್ಕೆ ಇದು ನೇರ ವಿರೋಧವಾಗಿತ್ತು. ಬದುಕಿದವರಲ್ಲಿ ಬೇಗ ಚಿಕಿತ್ಸೆಯಾದವರ ರೋಗದ ಅವಧಿ ಮಾತ್ರ ಕೊಂಚ ಕಡಮೆಯಾಗಿತ್ತು. ಲೂಯಿಯು ರಕ್ತಮೋಕ್ಷಣವನ್ನು ಒಮ್ಮೆಗೇ ತಳ್ಳಿಹಾಕಲಿಲ್ಲ. ಅದರ ಗುಣವು ಜನರು ನಂಬಿದುದಕ್ಕಿಂತ ಬಹಳ ಅಲ್ಪವೆಂದು ಮಾತ್ರ ಹೇಳಿದನು. ೧೮೩೭ರಲ್ಲಿ ಪ್ಯಾರಿಸಿನ ವೈದ್ಯ ಅಕಾಡೆಮಿಯಲ್ಲಿ ಈ ಎಣಿಕೆಯ ಪದ್ಧತಿಯ ಮೇಲೆ ದೊಡ್ಡ ವಾದವೇ ನಡೆಯಿತು. ಒಬ್ಬ ರೋಗಿಯಂತೆ ಮತ್ತೊಬ್ಬನಿಲ್ಲದಿರುವಾಗ ಅವರನ್ನು ರಾಶಿ ಹಾಕಿ ಎಣಿಸುವುದರಿಂದ ಫಲವೇನೆಂದು ವಿರೋಧಿಗಳು ಕೇಳಿದರು.

ಆ ಆಕ್ಷೇಪದಲ್ಲಿ ಒಂದಂಶ ಸತ್ಯವೂ ಇತ್ತು. ಲೂಯಿಯ ಎರಡು ಗುಂಪುಗಳು ಆರಂಭದಲ್ಲಿ ಸಮಾನವಾಗಿದ್ದುವೆಂದು ಹೇಳುವಂತಿರಲಿಲ್ಲ. ಐದನೆಯ ದಿನದವರೆಗೆ ಜೀವ ಹಿಡಿದವರು ಮಾತ್ರವೇ ಎರಡನೆಯ ಗುಂಪಿಗೆ ಸೇರಲು ಸಾಧ್ಯವಷ್ಟೆ. ಅದಕ್ಕೆ ಮುಂಚೆಯೇ ಸತ್ತವರ ಲೆಕ್ಕವೆಲ್ಲ ಮೊದಲನೆಯದಕ್ಕೆ ಬಿದ್ದಿತು. ಆದುದರಿಂದ ಎಣಿಕೆಯೊಂದೇ ಸಾಲದು. ಎಣಿಸುವುದಕ್ಕೆ ಮುಂಚೆ ಎರಡು ತಕ್ಕಡಿಗಳನ್ನೂ ಸಮವಾಗಿ ತೂಗಿರಬೇಕು. ಇದಕ್ಕೆ ಉಪಾಯವು ಹಳ್ಳಿಯ ಮಕ್ಕಳಿಗೂ ಗೊತ್ತಿರುವ ಚೀಟಿ ಎತ್ತುವ ಕ್ರಮವೇ. ಯಾರಿಗೆ ಹೊಸ ಔಷಧ, ಯಾರಿಗೆ ಹಳೆಯದು ಎಂಬುದನ್ನು ವೈದ್ಯನು ಆರಿಸದೆ ಅದೃಷ್ಟಕ್ಕೆ ಬಿಟ್ಟರೆ, ಬಲವುಳ್ಳವರೂ ದುರ್ಬಲರೂ ಮುದುಕರೂ ಎಳೆಯರೂ ಎರಡು ಕಡೆಗೂ ಸರಿಸುಮಾರಾಗಿ ಹಂಚಿಹೋಗುತ್ತಾರೆ. ಆ ಮೇಲೆ ಫಲದಲ್ಲಿ ಕಾಣುವ ಭೇದವನ್ನು ಔಷಧಕ್ಕೆ ಆರೋಪಿಸುವುದು ನ್ಯಾಯವಾಗುತ್ತದೆ.

ಈ ಕ್ರಮವನ್ನು ಜಗತ್ತಿಗೆ ಮಾದರಿಯಾಗಿ ತೋರಿಸಿಕೊಟ್ಟುದು ಕ್ಷಯರೋಗದ ಚಿಕಿತ್ಸೆ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧವು ಇಂಗ್ಲೆಂಡಿಗೆ ಅಲ್ಪಪ್ರಮಾಣದಲ್ಲಿ ಮಾತ್ರ ಸಿಕ್ಕುತ್ತಿತ್ತು. ಎಲ್ಲರಿಗೂ ಕೊಡಲು ಸಾಲದಾದಾಗ, ಇದ್ದಷ್ಟನ್ನು ನ್ಯಾಯವಾದ ಪರೀಕ್ಷೆಗೆ ಉಪಯೋಗಿಸುವುದೇ ಧರ್ಮವೆಂದು ಅಲ್ಲಿನ ವೈದ್ಯಸಂಶೋಧನ ಮಂಡಲಿಯು ನಿಶ್ಚಯಿಸಿತು. ಸಂಖ್ಯಾಶಾಸ್ತ್ರಜ್ಞನಾದ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಮೊಹರು ಮಾಡಿದ ಲಕೋಟೆಗಳ ವ್ಯವಸ್ಥೆಯನ್ನು ಏರ್ಪಡಿಸಿದನು. ಎರಡು ಶ್ವಾಸಕೋಶಗಳಿಗೂ ರೋಗ ಹಬ್ಬಿದ್ದ ೧೦೭ ಮಂದಿ ತರುಣ ತರುಣಿಯರಲ್ಲಿ ೫೫ ಮಂದಿಗೆ ಔಷಧವೂ ವಿಶ್ರಾಂತಿಯೂ, ೫೨ ಮಂದಿಗೆ ಆಗ ರೂಢಿಯಲ್ಲಿದ್ದ ವಿಶ್ರಾಂತಿ ಮಾತ್ರವೂ ದೊರೆತವು. ಎಕ್ಸ್‌-ರೇ ಚಿತ್ರಗಳನ್ನು ನೋಡಿ ತೀರ್ಪು ಹೇಳುವವರಿಗೆ ಯಾವುದು ಯಾರದೆಂಬುದನ್ನು ತಿಳಿಸಲಿಲ್ಲ. ಆರು ತಿಂಗಳಲ್ಲಿ ಔಷಧ ಪಡೆದವರಲ್ಲಿ ೪ ಮಂದಿಯೂ, ಪಡೆಯದವರಲ್ಲಿ ೧೪ ಮಂದಿಯೂ ಸತ್ತಿದ್ದರು. ೧೯೪೮ರ ಅಕ್ಟೋಬರಿನಲ್ಲಿ ಈ ವರದಿಯು ಪ್ರಕಟವಾಯಿತು. ಪರೀಕ್ಷೆಯು ಔಷಧದ ದೋಷವನ್ನೂ ಮುಚ್ಚಿಡಲಿಲ್ಲ: ಅನೇಕರಲ್ಲಿ ರೋಗಾಣುಗಳು ಔಷಧಕ್ಕೆ ಮಣಿಯದಂತಾದುವು, ಐದು ವರ್ಷಗಳಾಗುವ ವೇಳೆಗೆ ಎರಡು ಗುಂಪುಗಳ ಮರಣದ ಅಂತರವು ಬಹಳ ಕುಗ್ಗಿತ್ತು. ಒಂದೇ ಔಷಧವನ್ನು ನೆಚ್ಚದೆ ಎರಡನ್ನು ಕೂಡಿಸಿ ಕೊಡಬೇಕೆಂಬ ಮುಂದಿನ ವಿಧಿಯು ಈ ಪ್ರಾಮಾಣಿಕತೆಯ ಫಲವೇ ಆಗಿದೆ.

ಅದೇ ರೋಗದ ಮತ್ತೊಂದು ವಿಧಿಯು ನಮ್ಮ ನೆರೆಯಲ್ಲಿಯೇ ಪರೀಕ್ಷೆಗೆ ಒಳಗಾಯಿತು. ಕ್ಷಯರೋಗಿಯನ್ನು ಮನೆಯಿಂದ ಬಿಡಿಸಿ ಆರೋಗ್ಯಧಾಮಕ್ಕೆ ಸೇರಿಸಿ, ಶುದ್ಧವಾಯು, ಪುಷ್ಟಿಕರವಾದ ಆಹಾರ, ದೀರ್ಘವಿಶ್ರಾಂತಿಗಳಲ್ಲಿ ಇಡಬೇಕೆಂಬುದು ದಶಕಗಳ ಕಾಲ ಪ್ರಶ್ನಾತೀತವಾಗಿದ್ದ ಶಾಸ್ತ್ರ. ಮದನಪಲ್ಲಿಯ ಬಳಿಯ ಆರೋಗ್ಯವರಂ, ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿದ ಕ್ಷಯರೋಗದ ಆಸ್ಪತ್ರೆ ಮೊದಲಾದುವನ್ನು ಹಿಂದಿನ ತಲೆಮಾರಿನ ಮನೆಗಳು ಭಯದಿಂದಲೂ ಆಸೆಯಿಂದಲೂ ನೆನೆಯುತ್ತಿದ್ದುವು. ಆದರೆ ಹಾಸಿಗೆಗಳು ಕೆಲವು, ರೋಗಿಗಳು ಲಕ್ಷಗಟ್ಟಲೆ. ಶಾಸ್ತ್ರವು ನಿಜವಾಗಿದ್ದರೆ ಬಡವರ ಪಾಲಿಗೆ ಚಿಕಿತ್ಸೆಯೇ ಇಲ್ಲವೆಂದಾಗುತ್ತಿತ್ತು.

೧೯೫೬ರಲ್ಲಿ ಭಾರತೀಯ ವೈದ್ಯಸಂಶೋಧನ ಮಂಡಲಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟಿಷ್ ವೈದ್ಯಸಂಶೋಧನ ಮಂಡಲಿ ಈ ನಾಲ್ಕೂ ಸೇರಿ ಮದರಾಸಿನಲ್ಲಿ ಒಂದು ಕೇಂದ್ರವನ್ನು ತೆರೆದುವು. ವ್ಯಾಲೇಸ್ ಫಾಕ್ಸ್ ಎಂಬವನ ನೇತೃತ್ವದಲ್ಲಿ, ಇಕ್ಕಟ್ಟಾದ ಬಡ ಕೇರಿಗಳ ಇನ್ನೂರಕ್ಕೆ ಸಮೀಪದಷ್ಟು ರೋಗಿಗಳಲ್ಲಿ ಕೆಲವರನ್ನು ಆರೋಗ್ಯಧಾಮಕ್ಕೂ ಕೆಲವರನ್ನು ಅವರವರ ಮನೆಗೂ ಚೀಟಿಯ ಕ್ರಮದಿಂದಲೇ ಹಂಚಿ, ಎಲ್ಲರಿಗೂ ಒಂದು ವರ್ಷ ಒಂದೇ ಬಗೆಯ ಔಷಧಗಳನ್ನು ಕೊಟ್ಟರು. ಆರೋಗ್ಯಧಾಮದವರಿಗೆ ಊಟವೂ ವಿಶ್ರಾಂತಿಯೂ ಹೆಚ್ಚಾಗಿ ದೊರೆತಿದ್ದವು. ಹಾಗಿದ್ದರೂ ವರ್ಷದ ಕೊನೆಯಲ್ಲಿ ರೋಗಾಣು ಅಡಗಿದವರ ಪ್ರಮಾಣವು ಅಲ್ಲಿ ನೂರಕ್ಕೆ ೯೨, ಮನೆಯಲ್ಲಿ ನೂರಕ್ಕೆ ೮೬. ಒಂದು ಶಾಸ್ತ್ರವನ್ನು ಎತ್ತಿಹಿಡಿಯುವಷ್ಟು ದೊಡ್ಡ ಅಂತರ ಅದಲ್ಲ. ಮನೆಯಲ್ಲಿದ್ದ ರೋಗಿಗಳ ಮಕ್ಕಳುಮರಿಗಳಿಗೆ ಅದರಿಂದ ಹೆಚ್ಚಿನ ಸೋಂಕಿನ ಅಪಾಯ ಒದಗಿದಂತೆಯೂ ಕಾಣಲಿಲ್ಲ. ೧೯೫೯ರಲ್ಲಿ ಈ ಫಲಿತಾಂಶವು ಪ್ರಕಟವಾಯಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ರೋಗದ ಹರಹನ್ನು ಸಮೀಕ್ಷಿಸಿದರು. ರೋಗಿಯನ್ನು ಮನೆಯಲ್ಲಿಟ್ಟೇ ಔಷಧ ಕೊಡುವ ರಾಷ್ಟ್ರೀಯ ಕಾರ್ಯಕ್ರಮವು ೧೯೬೨ರಲ್ಲಿ ರೂಪುಗೊಂಡಿತು. ಒಂದು ಗೌರವಾನ್ವಿತವಾದ ವಿಧಿ ಬಿದ್ದುದರಿಂದ ಲಕ್ಷಾಂತರ ಮನೆಗಳಿಗೆ ಚಿಕಿತ್ಸೆಯ ಬಾಗಿಲು ತೆರೆಯಿತು.

ಪರೀಕ್ಷಿಸದೆ ಬಿಟ್ಟ ವಿಧಿಯು ಎಂತಹ ಕೇಡನ್ನು ತರಬಲ್ಲದೆಂಬುದಕ್ಕೆ ಎಳೆಯ ಕೂಸುಗಳ ನಿದ್ರೆಯ ಕಥೆಯೇ ಸಾಕ್ಷಿ. ಅಮೆರಿಕದ ಡಾಕ್ಟರ್ ಬೆಂಜಮಿನ್ ಸ್ಪಾಕ್ ಬರೆದ ಶಿಶುಪಾಲನೆಯ ಗ್ರಂಥವು ೧೯೪೬ರಲ್ಲಿ ಮೊದಲು ಹೊರಬಂದು ಅಲ್ಲಿನ ಮನೆಮನೆಯನ್ನೂ ಹೊಕ್ಕಿತು. ಅಂಗಾತ ಮಲಗಿದ ಮಗು ವಾಂತಿ ಮಾಡಿಕೊಂಡರೆ ಉಸಿರು ಕಟ್ಟೀತೆಂಬ ಯುಕ್ತಿಯಿಂದ, ಅದನ್ನು ಬೋರಲಾಗಿ ಮಲಗಿಸುವುದು ಮೇಲೆಂದು ಮುಂದಿನ ಮುದ್ರಣಗಳು ಬೋಧಿಸಿದವು. ಇತರ ವೈದ್ಯರೂ ಅದನ್ನೇ ಹೇಳಿದರು. ಕೇಳಿದ ತಾಯಂದಿರು ಅತಿ ಶ್ರದ್ಧೆಯಿಂದ ಹಾಗೆಯೇ ನಡೆದರು. ಬೋರಲಾಗಿ ಮಲಗಿದ ಶಿಶುಗಳಲ್ಲಿಯೇ ನಿದ್ರೆಯೊಳಗಿನ ಆಕಸ್ಮಿಕ ಮರಣವು ಹೆಚ್ಚೆಂದು ಬಿಡಿಬಿಡಿಯಾದ ಅಧ್ಯಯನಗಳು ತೋರಿಸುತ್ತಿದ್ದರೂ, ಅವುಗಳನ್ನು ಒಂದೆಡೆ ಕಲೆಹಾಕಿ ನೋಡಿದವರಿರಲಿಲ್ಲ. ಕೊನೆಗೆ ಬ್ರಿಟನ್ನಿನಲ್ಲಿ ೧೯೯೧ರಲ್ಲಿಯೂ, ಅಮೆರಿಕದಲ್ಲಿ ೧೯೯೪ರಲ್ಲಿಯೂ, ಮಗುವನ್ನು ಅಂಗಾತ ಮಲಗಿಸಿರೆಂಬ ಪ್ರಚಾರವು ಮೊದಲಾಯಿತು. ಹತ್ತು ವರ್ಷಗಳೊಳಗೆ ಆ ಮರಣಗಳು ಸುಮಾರು ಅರ್ಧಕ್ಕೆ ಇಳಿದವು. ೧೯೭೦ರ ವೇಳೆಗೆ ದೊರೆತಿದ್ದ ಅಧ್ಯಯನಗಳನ್ನು ಆಗಲೇ ಕ್ರಮವಾಗಿ ಕೂಡಿಸಿ ನೋಡಿದ್ದರೆ ಬ್ರಿಟನ್ನಿನಲ್ಲಿ ೧೦,೦೦೦ಕ್ಕೂ ಮೇಲ್ಪಟ್ಟು, ಯುರೋಪು, ಅಮೆರಿಕ, ಆಸ್ಟ್ರೇಲಿಯ ಮೊದಲಾದ ದೇಶಗಳಲ್ಲಿ ೫೦,೦೦೦ಕ್ಕೆ ಕಡಮೆಯಿಲ್ಲದಷ್ಟು ಶಿಶುಗಳು ಉಳಿಯಬಹುದಾಗಿತ್ತೆಂದು ೨೦೦೫ರ ಒಂದು ವಿಮರ್ಶೆಯು ಲೆಕ್ಕ ಹಾಕಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲುಂಟು. ಹೃದಯರೋಗದ ವೈದ್ಯರಿಗೆ ಇದರ ಅರ್ಥ ತಿಳಿದುದು ೧೯೮೯ರಲ್ಲಿ. ಹೃದಯಾಘಾತಕ್ಕೆ ಒಳಗಾಗಿ ಬದುಕಿದವರಲ್ಲಿ ಕೆಲವರಿಗೆ ಎದೆಬಡಿತವು ನಡುನಡುವೆ ತಾಳ ತಪ್ಪುತ್ತದೆ. ಹಾಗೆ ತಪ್ಪುವವರಲ್ಲಿ ಹಠಾತ್ ಮರಣವು ಹೆಚ್ಚು. ಆದುದರಿಂದ ತಾಳವನ್ನು ಸರಿಪಡಿಸುವ ಔಷಧಗಳಿಂದ ಜೀವ ಉಳಿಯುವುದೆಂದು ವೈದ್ಯರು ತರ್ಕಿಸಿದರು. ಎನ್‌ಕೈನೈಡ್, ಫ್ಲೆಕೈನೈಡ್ ಎಂಬ ಔಷಧಗಳಿಂದ ತಾಳ ಸರಿಹೋಗುತ್ತಿದ್ದುದು ಯಂತ್ರದ ಗೆರೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಹಾಗೆ ಸರಿಹೋದ ರೋಗಿಗಳನ್ನೇ ಆರಿಸಿ, ೭೫೫ ಮಂದಿಗೆ ಔಷಧವನ್ನೂ ೭೪೩ ಮಂದಿಗೆ ಅದರಂತೆಯೇ ತೋರುವ ಸತ್ವವಿಲ್ಲದ ಗುಳಿಗೆಯನ್ನೂ ಕೊಟ್ಟು ಅಮೆರಿಕದಲ್ಲಿ ಪರೀಕ್ಷೆ ನಡೆಯಿತು. ಸರಾಸರಿ ಹತ್ತು ತಿಂಗಳಲ್ಲಿ ಸತ್ವವಿಲ್ಲದ ಗುಳಿಗೆ ನುಂಗಿದವರಲ್ಲಿ ೨೬ ಮಂದಿಯೂ, ಔಷಧ ನುಂಗಿದವರಲ್ಲಿ ೬೩ ಮಂದಿಯೂ ಸತ್ತರು. ಪರೀಕ್ಷೆಯನ್ನು ನಡುವೆಯೇ ನಿಲ್ಲಿಸಿ ಆ ಔಷಧಗಳನ್ನು ಬಿಡಿಸಬೇಕಾಯಿತು. ಎದೆಯ ತಾಳವೇನೋ ಸರಿಯಾಗಿತ್ತು, ಪ್ರಾಣ ಉಳಿಯಲಿಲ್ಲ.

ಇಂತಹ ಅನುಭವಗಳಿಂದ, ವಿಧಿಯನ್ನು ಹೇಳುವವರು ಅದರ ಆಧಾರದ ಬಲವನ್ನೂ ಜತೆಯಲ್ಲಿಯೇ ಹೇಳತಕ್ಕದ್ದೆಂಬ ನಿಯಮವು ಮೆಲ್ಲಮೆಲ್ಲನೆ ಬೆಳೆಯಿತು. ಯುದ್ಧದಲ್ಲಿ ಸೆರೆಸಿಕ್ಕಿ ಶಿಬಿರಗಳಲ್ಲಿ ಸಹಕೈದಿಗಳಿಗೆ ಚಿಕಿತ್ಸೆ ಮಾಡಿದ್ದ ಆರ್ಚಿ ಕಾಕ್ರೇನ್ ಎಂಬ ಬ್ರಿಟಿಷ್ ವೈದ್ಯನು ೧೯೭೨ರಲ್ಲಿ ಬರೆದ ಒಂದು ಚಿಕ್ಕ ಪುಸ್ತಕದಲ್ಲಿ, ರೂಢಿಯ ಚಿಕಿತ್ಸೆಗಳಲ್ಲಿ ಎಷ್ಟೋ ಪರೀಕ್ಷೆಯನ್ನೇ ಕಾಣದವೆಂದು ದಿಟ್ಟತನದಿಂದ ಎತ್ತಿ ತೋರಿಸಿದನು. ಪರೀಕ್ಷೆಗಳನ್ನು ಒಟ್ಟುಗೂಡಿಸಿ ವಿಮರ್ಶಿಸುವ ಸಂಸ್ಥೆಯೊಂದು ಆತನ ಹೆಸರಿನಿಂದ ೧೯೯೩ರಲ್ಲಿ ಹುಟ್ಟಿತು. ಅದನ್ನು ನೋಡಲು ಆತನಿರಲಿಲ್ಲ. ೧೯೭೯ರಲ್ಲಿ ಕೆನಡ ದೇಶದ ಒಂದು ಸಮಿತಿಯು ಆರೋಗ್ಯತಪಾಸಣೆಯ ವಿಧಿಗಳನ್ನು ಪರಿಶೀಲಿಸುತ್ತ, ಆಧಾರಗಳಿಗೆ ಮೆಟ್ಟಿಲುಗಳನ್ನು ಕಲ್ಪಿಸಿತು. ಚೀಟಿಯ ಕ್ರಮದಿಂದ ನಡೆದ ಪರೀಕ್ಷೆಯು ಮೇಲಿನ ಮೆಟ್ಟಿಲಿನಲ್ಲಿಯೂ, ಗಣ್ಯರ ಅಭಿಪ್ರಾಯವು ಕೆಳಗಿನ ಮೆಟ್ಟಿಲಿನಲ್ಲಿಯೂ ನಿಂತುವು. ಸಾವಿರಾರು ವರ್ಷ ಪೀಠವೇರಿ ಕುಳಿತಿದ್ದ ಆಪ್ತವಾಕ್ಯವು ಹೀಗೆ ಕೆಳಗಿಳಿಯಿತು. ಅದೇ ದೇಶದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಡೇವಿಡ್ ಸ್ಯಾಕೆಟ್, ಗಾರ್ಡನ್ ಗಯಾಟ್ ಮೊದಲಾದವರು ೧೯೯೨ರ ಸುಮಾರಿಗೆ ಈ ಮಾರ್ಗಕ್ಕೆ ಪ್ರಮಾಣಾಧಾರಿತ ವೈದ್ಯವೆಂಬ ಅರ್ಥದ ಹೆಸರನ್ನು ಕೊಟ್ಟರು.

೨೦೦೦ದಿಂದ ಈಚೆಗೆ ಬೆಳೆದು ಬಂದ ಗ್ರೇಡ್ ಎಂಬ ಪದ್ಧತಿಯಲ್ಲಿ ಆಧಾರವನ್ನು ಉತ್ತಮ, ಮಧ್ಯಮ, ಅಲ್ಪ, ಅತ್ಯಲ್ಪ ಎಂದು ನಾಲ್ಕು ತರಗತಿಗಳಾಗಿ ವಿಂಗಡಿಸುತ್ತಾರೆ. ಚೀಟಿಯ ಪರೀಕ್ಷೆಯು ಉತ್ತಮವೆಂದು ಆರಂಭವಾದರೂ, ಅದು ಪಕ್ಷಪಾತಕ್ಕೆ ಎಡೆಗೊಟ್ಟಿದ್ದರೆ, ಒಂದು ಪರೀಕ್ಷೆಯ ಫಲ ಇನ್ನೊಂದಕ್ಕೆ ವಿರುದ್ಧವಾಗಿದ್ದರೆ, ರೋಗಿಗಳ ಸಂಖ್ಯೆ ಸ್ವಲ್ಪವಾಗಿದ್ದರೆ, ಅಥವಾ ಒಂದು ಬಗೆಯ ಜನರಲ್ಲಿ ಕಂಡುದನ್ನು ಬೇರೊಂದು ಬಗೆಯವರಿಗೆ ಅನ್ವಯಿಸಿದ್ದರೆ ಕೆಳಕ್ಕೆ ಇಳಿಯುತ್ತದೆ. ಚೀಟಿಯಿಲ್ಲದ ಅವಲೋಕನವು ಅಲ್ಪವೆಂದು ಆರಂಭವಾದರೂ, ಫಲವು ಅತ್ಯಂತ ಸ್ಫುಟವಾಗಿದ್ದರೆ ಮೇಲಕ್ಕೆ ಏರುತ್ತದೆ. ಇದು ನ್ಯಾಯವೇ ಸರಿ. ಶಿಶುಗಳನ್ನು ಚೀಟಿ ಎತ್ತಿ ಬೋರಲು ಮಲಗಿಸಿ ನೋಡುವ ಪರೀಕ್ಷೆಯನ್ನು ಯಾವ ಮನುಷ್ಯನೂ ಮಾಡಲಾರನು. ೧೯೨೨ರಲ್ಲಿ ಟೊರಾಂಟೊ ನಗರದಲ್ಲಿ ಸಾವಿನ ದವಡೆಯಲ್ಲಿದ್ದ ಮಧುಮೇಹದ ಮಕ್ಕಳು ಇನ್ಸುಲಿನ್‌ನಿಂದ ಎದ್ದು ಕುಳಿತಾಗ ಅದಕ್ಕೆ ಬೇರೆ ಸಾಕ್ಷಿಯೂ ಬೇಕಾಗಿರಲಿಲ್ಲ. ಆಧಾರವು ಅಲ್ಪವೆಂದ ಮಾತ್ರಕ್ಕೆ ವಿಧಿಯು ಸುಳ್ಳೆಂದು ತಿಳಿಯಲಾಗದು. ಇನ್ನೂ ತೀರ್ಮಾನವಾಗಿಲ್ಲವೆಂದು ಮಾತ್ರ ತಿಳಿಯತಕ್ಕದ್ದು.

ಹೀಗೆ ತರಗತಿಗಳನ್ನು ಬರೆದಿಡುವ ವಾಡಿಕೆ ಬಂದುದರಿಂದಲೇ, ಒಟ್ಟು ಲೆಕ್ಕವನ್ನು ತೆಗೆಯುವುದು ಸಾಧ್ಯವಾಯಿತು. ವೈದ್ಯದ ಶಾಖೆಗಳಲ್ಲೆಲ್ಲ ಹೃದಯರೋಗದ ಶಾಖೆಯು ಅತ್ಯಂತ ಹೆಚ್ಚು ಪರೀಕ್ಷೆಗಳನ್ನು ನಡೆಸಿದವುಗಳಲ್ಲೊಂದು. ಅದರ ಅಮೆರಿಕದ ಸಂಘಗಳ ಮಾರ್ಗಸೂಚಿಗಳನ್ನು ೨೦೦೯ರಲ್ಲಿ ಪರಿಶೀಲಿಸಿದವರಿಗೆ ಆಧಾರದ ತರಗತಿಯನ್ನು ನಮೂದಿಸಿದ್ದ ೨,೭೧೧ ವಿಧಿಗಳು ದೊರೆತುವು. ಅವುಗಳಲ್ಲಿ ಒಂದಕ್ಕಿಂತ ಹೆಚ್ಚು ಒಳ್ಳೆಯ ಪರೀಕ್ಷೆಗಳ ಬಲವುಳ್ಳವು ೩೧೪ ಮಾತ್ರ. ಪಂಡಿತರ ಅಭಿಪ್ರಾಯ, ರೂಢಿ, ಬಿಡಿಬಿಡಿ ರೋಗಿಗಳ ವೃತ್ತಾಂತ ಇಷ್ಟನ್ನೇ ನೆಮ್ಮಿದ್ದವು ೧,೨೪೬. ಹತ್ತು ವರ್ಷಗಳ ಅನಂತರ, ೨೦೧೯ರಲ್ಲಿ, ಮತ್ತೆ ಲೆಕ್ಕ ತೆಗೆದಾಗ ಉತ್ತಮ ಆಧಾರವುಳ್ಳ ವಿಧಿಗಳ ಪ್ರಮಾಣ ನೂರಕ್ಕೆ ೮.೫ರಷ್ಟಿತ್ತು, ಯುರೋಪಿನ ಸಂಘದ ಸೂಚಿಗಳಲ್ಲಿ ನೂರಕ್ಕೆ ೧೪.೨. ಜ್ಞಾನವು ಹಿಂದಕ್ಕೆ ಹೋಯಿತೆಂದು ಇದರ ಅರ್ಥವಲ್ಲ. ವಿಧಿಗಳನ್ನು ಬರೆಯುವ ವೇಗಕ್ಕೆ ಅವುಗಳನ್ನು ಪರೀಕ್ಷಿಸುವ ವೇಗವು ಸಮನಾಗಲಿಲ್ಲ.

ಇದಕ್ಕೆ ಕಾರಣಗಳು ಗೂಢವಲ್ಲ. ದೊಡ್ಡ ಪರೀಕ್ಷೆಗೆ ಅಪಾರವಾದ ಧನವೂ ಅನೇಕ ವರ್ಷಗಳೂ ಬೇಕು. ಆ ಧನದ ಬಹುಭಾಗವನ್ನು ಒದಗಿಸುವವರು ಔಷಧವನ್ನು ಮಾರುವವರು. ಆದುದರಿಂದ ಮಾರಿ ಲಾಭ ತೆಗೆಯಬಹುದಾದ ಪ್ರಶ್ನೆಗಳು ಪರೀಕ್ಷೆಗೆ ಬರುತ್ತವೆ. ಹಳೆಯ ಅಗ್ಗದ ಔಷಧವೇ ಸಾಕೇ, ಇದನ್ನು ಎಷ್ಟು ದಿನಕ್ಕೆ ನಿಲ್ಲಿಸಬಹುದು ಎಂಬಂತಹ ಪ್ರಶ್ನೆಗಳನ್ನು ಕೇಳಿಸುವವರು ಕಡಮೆ. ವಿಧಿಗಳನ್ನು ನಿರ್ಣಯಿಸುವ ಸಮಿತಿಗಳಲ್ಲಿ ಕುಳಿತವರಿಗೂ ಕೆಲವು ವೇಳೆ ಅಂತಹ ವ್ಯಾಪಾರದೊಡನೆ ಸಂಬಂಧವಿರುವುದುಂಟು. ಅಮೆರಿಕದ ವೈದ್ಯ ಸಂಸ್ಥಾನವು ೨೦೧೧ರಲ್ಲಿ ಹೊರಡಿಸಿದ ವರದಿಯು, ಸಮಿತಿಯವರು ತಮ್ಮ ಸಂಬಂಧಗಳನ್ನು ಬಹಿರಂಗಪಡಿಸಬೇಕು, ಆಧಾರಗಳನ್ನು ಕ್ರಮವಾಗಿ ವಿಮರ್ಶಿಸಬೇಕು, ಒಂದೊಂದು ವಿಧಿಗೂ ಅದರ ಬಲವನ್ನು ತೋರಿಸಬೇಕು ಎಂದು ಕಟ್ಟಳೆಗಳನ್ನು ಹಾಕಿಕೊಟ್ಟಿತು. ರಜಸ್ಸು ತಮಸ್ಸುಗಳಿಂದ ಬಿಡುಗಡೆ ಹೊಂದಿದವನೇ ಆಪ್ತನೆಂಬ ಹಳೆಯ ಲಕ್ಷಣಕ್ಕೂ ಈ ಹೊಸ ಕಟ್ಟಳೆಗಳಿಗೂ ಬಹಳ ದೂರವಿಲ್ಲ.

ಉತ್ತಮ ಆಧಾರವುಳ್ಳ ವಿಧಿಯೂ ಸಾವಿರ ಮಂದಿಯ ಸರಾಸರಿಯನ್ನು ಹೇಳುತ್ತದೆಯೇ ಹೊರತು ಈ ಮನೆಯ ಈ ರೋಗಿಯನ್ನು ನೋಡಿ ಹೇಳಿದುದಲ್ಲ. ಆದುದರಿಂದಲೇ ಸ್ಯಾಕೆಟ್ ಮೊದಲಾದವರು ಪರೀಕ್ಷೆಯ ಆಧಾರದೊಡನೆ ವೈದ್ಯನ ಅನುಭವವನ್ನೂ ರೋಗಿಯ ಇಷ್ಟಾನಿಷ್ಟಗಳನ್ನೂ ಕೂಡಿಸಿಕೊಳ್ಳಬೇಕೆಂದು ಒತ್ತಿ ಹೇಳಿದರು. ಆಧಾರವು ಅಲ್ಪವಾಗಿರುವ ಕಡೆ ರೋಗಿಯ ಇಷ್ಟಕ್ಕೆ ಹೆಚ್ಚಿನ ಎಡೆಯಿರುವುದು ಸಹಜ. ಇದನ್ನು ತಿಳಿದ ಮನೆಯವರು ವೈದ್ಯನನ್ನು ಶಂಕಿಸಬೇಕಾಗಿಲ್ಲ. ಈ ವಿಧಿ ಪರೀಕ್ಷಿಸಿ ಕಂಡುದೋ, ಅನುಭವದಿಂದ ಹೇಳುವುದೋ ಎಂದು ವಿನಯದಿಂದ ಕೇಳಿದರೆ ಸಾಕು. ಪರೀಕ್ಷೆಯಾಗಿದೆ ಎಂದರೆ ಆ ಗುಳಿಗೆಯನ್ನು ಇನ್ನಷ್ಟು ನಿಷ್ಠೆಯಿಂದ ಕೊಡಬಹುದು. ಇನ್ನೂ ಆಗಿಲ್ಲ, ಬಲ್ಲವರು ಹೀಗೆ ಭಾವಿಸುತ್ತಾರೆ ಎಂದರೆ, ರೋಗಿಯೂ ವೈದ್ಯನೂ ಒಟ್ಟಿಗೆ ಕುಳಿತು ಆಲೋಚಿಸಬಹುದು. ಹಾಗೆ ಉತ್ತರ ಕೊಡುವುದರಿಂದ ವೈದ್ಯನ ಗೌರವಕ್ಕೆ ಕುಂದಿಲ್ಲ. ಮದರಾಸಿನ ಕೇರಿಗಳಲ್ಲಿ ಅಂದು ಮನೆಯಲ್ಲಿದ್ದೇ ಗುಣ ಹೊಂದಿದ ರೋಗಿಗಳು, ತಮಗೆ ಇನ್ನೂ ತಿಳಿಯದೆಂದು ಒಪ್ಪಿಕೊಂಡ ವೈದ್ಯರಿಂದಲೇ ಬದುಕಿದವರು.